ದಾಮ್ಲೆಯವರ ಹದಿನಾಲ್ಕು ಸಾಲು

ಶುಕ್ರವಾರದೊಳಗೆ ಹೇಳಿಬಿಡಿ, ಎಂದಿದ್ದಾರೆ ಮಿರಾಶಿ ಸಾಹೇಬರು,
ಕೋಡು ಬರೆಯಲು ಯಾವ ಸಹಾಯಕ ಬೇಕು.
ಬಜೆಟ್ಟಿನಲ್ಲಿ ಇರುವುದು ಒಂದೇ ಕಾಲಮ್ಮು.
ಇಪ್ಪತ್ತಾರು ವರ್ಷ ಒಬ್ಬಳೇ ಬರೆದವಳು ನಾನು,
ಚಿಂಚವಡದ ಮಂಡಿಯಲ್ಲಿ ಬದನೆಕಾಯಿ ಆರಿಸಲೂ
ಇಷ್ಟು ಹೊತ್ತು ತಗೊಂಡವಳಲ್ಲ.

ಪರೀಕ್ಷೆಗೆ ಹೊಸದೇನೂ ಕೊಡಲಿಲ್ಲ.
ಪತಪೇಢಿಯ ಬಡ್ಡಿ ಲೆಕ್ಕದ ಹಳೇ ಫೈಲು ತೆಗೆದು
ದಾಮ್ಲೆಯವರ ಹದಿನಾಲ್ಕು ಸಾಲು ಮುಂದಿಟ್ಟೆ:
ಫೆಬ್ರವರಿ ಇಪ್ಪತ್ತೊಂಬತ್ತರ ಬಡ್ಡಿಯನ್ನು
ಹಳೆಯ ಖಾತೆಗಳಿಗೆ ಮಾತ್ರ ಬೇರೆ ಕಟ್ಟುವ ಸಾಲು.
ತಲೆಯ ಮೇಲೊಂದು ಮರಾಠಿ ಟಿಪ್ಪಣಿ,
ಇಲ್ಲಿ ಕೈ ಹಾಕಬಾರದು.
ಏಕೆಂದು ಬರೆದಿಲ್ಲ.
ದಾಮ್ಲೆ ನಿವೃತ್ತರಾಗಿ ಒಂಬತ್ತು ವರ್ಷ, ಈಗ ಕಿವಿ ಮಂದ.

ಮೊದಲನೆಯದು, ನಾನು ‘ಬ’ ಎಂದರೆ ‘ಬಡ್ಡಿ’ ಎನ್ನುತ್ತದೆ.
ಥೇಟ್ ನಮ್ಮ ಭಾವ. ಊಟಕ್ಕೆ ಕೂತರೆ ನನ್ನ ಮಾತನ್ನು
ನನಗಿಂತ ಮೊದಲು ಮುಗಿಸಿ
ಸಾರಿಗೆ ಕೈ ಚಾಚುತ್ತಾರೆ.
ಹತ್ತರಲ್ಲಿ ಏಳು ಸಲ ಸರಿಯೇ, ಸುಳ್ಳು ಹೇಳಬಾರದು.
ಆದರೆ ನಾನೇನು ಹೇಳಹೊರಟಿದ್ದೆ ಎನ್ನುವುದು
ಆ ಏಳರಲ್ಲೂ ಮರೆತುಹೋಗಿರುತ್ತದೆ.

ಇನ್ನೊಂದೆಂದರೆ ಓಜಸನಿಗೆ ಪ್ರಾಣ.
ಇಪ್ಪತ್ತನಾಲ್ಕರ ಹುಡುಗ, ರಾತ್ರಿ ಕೆಲಸ ಹೇಳಿ ಮಲಗುತ್ತಾನೆ;
ಬೆಳಗಾಗುವಷ್ಟರಲ್ಲಿ ಅದು ಹನ್ನೊಂದು ಫೈಲು
ಗುಡಿಸಿ, ಸಾರಿಸಿ, ರಂಗೋಲಿ ಹಾಕಿರುತ್ತದೆ.
ನನ್ನಲ್ಲೂ ಹಾಕಿತು.
ಹದಿನಾಲ್ಕು ಸಾಲು ಮೂರಾಗಿತ್ತು,
ಟಿಪ್ಪಣಿ ಇರಲಿಲ್ಲ,
ಟೆಸ್ಟುಗಳೆಲ್ಲ ಹಸಿರು.
ಹಸಿರಾಗದೆ ಏನು? ಆ ಒಂದು ದಿನಕ್ಕೆ ಟೆಸ್ಟು
ನಾವು ಯಾರೂ ಬರೆದೇ ಇರಲಿಲ್ಲವಲ್ಲ.

‘ನೀವು ಹೇಗೆ ಕೆಲಸ ಮಾಡ್ತೀರಿ ಅನ್ನೋದರ ಮೇಲೆ ಮೇಡಂ,’
ಎಂದ ಓಜಸ್, ಚಹಾ ಊದುತ್ತ.
ಹೇಗೆ?
ಈತನಕ ಯಾರೂ ಕೇಳಿರಲಿಲ್ಲ.

ವಾರಕ್ಕೆರಡು ದಿನ ದಾದರಿನ ಆಫೀಸಿಗೆ ಬೆಳಗಿನ ಗಾಡಿ.
ಪಾಸಿನವರ ಬೋಗಿಯಲ್ಲಿ ಕಿಟಕಿಗೆ ಕೂತು ಯೋಚಿಸಿದೆ.
ನಾನು ಮೊದಲು ಅಳಿಸುತ್ತೇನೆ. ಆಮೇಲೆ ಹೆದರುತ್ತೇನೆ.
ಅಳಿಸಿದ್ದನ್ನು ತಂದು ಅಲ್ಲೇ ಇಡುತ್ತೇನೆ.
ಅರ್ಥವಾಗದ್ದಕ್ಕೆಲ್ಲ ಕನ್ನಡದ ಹೆಸರು,
ಹಾಳಾದ್ದು, ಹಾಳಾದ್ದು ಎರಡು;
ಅರ್ಥವಾದ ಮೇಲೆ ಇಂಗ್ಲಿಷಿಗೆ ಬಡ್ತಿ.
ಪಕ್ಕದ ಸೀಟಿನ ನರ್ಸ್ ಕಶ್ಮೀರಾಗೆ ಬಗ್ಗಿನ ಕಥೆ ಹೇಳುತ್ತೇನೆ.
ಆಕೆ ಯಾರದೋ ಕೂಸಿಗೆ ಟೋಪಿ ಹೆಣೆಯುತ್ತ
ಒಂದಕ್ಷರ ತಿಳಿಯದೆ ಹೂಂ ಅನ್ನುತ್ತಾಳೆ.
ಮೂರನೇ ಹೂಂಗೆ ತಪ್ಪು ನನಗೇ ಕಾಣುತ್ತದೆ.

ಖಂಡಾಲಾ ದಾಟಿತು. ಘಟ್ಟದ ಸುರಂಗಗಳು.
ಮೂರನೆಯ ಸಹಾಯಕನ ಮುಂದೆ ಅವೇ ಸಾಲು ಇಟ್ಟಿದ್ದೆ,
ನೆಟ್‌ವರ್ಕ್ ಹೋಗಿ ಉತ್ತರ ಅರ್ಧಕ್ಕೆ ನಿಂತಿತು:
‘ಬದಲಿಸುವ ಮೊದಲು ಒಂದು ಪ್ರಶ್ನೆ. ಈ ಟಿಪ್ಪಣಿ ಬರೆದವರು’

ಅಷ್ಟೇ.
ಕತ್ತಲು, ಬೆಳಕಿನದೊಂದು ಚೂರು, ಮತ್ತೆ ಕತ್ತಲು.
ಗಾಜಿನಲ್ಲಿ ನನ್ನ ಮುಖ, ಟೋಪಿಯ ಸೂಜಿ.
ಬರೆದವರು.
ಹೌದಲ್ಲ, ಬರೆದವರು ಇದ್ದಾರಲ್ಲ, ಕೊಥ್ರೂಡಿನಲ್ಲಿ.

ಕರ್ಜತಿನಲ್ಲಿ ಉಳಿದ ವಾಕ್ಯ ಬಂತು. ಓದಲಿಲ್ಲ.
ದಾಮ್ಲೆಯವರ ಸೊಸೆಗೆ ಫೋನು ಹಚ್ಚಿಯಾಗಿತ್ತು.
ಆಕೆ ಮಾವನ ಕಿವಿಗೆ ಪ್ರಶ್ನೆಯನ್ನು ಕೂಗಿದಳು;
ಬೋಗಿಯ ನಾಲ್ಕು ಜನ ನನ್ನತ್ತ ತಿರುಗಿದರು.
ದೂರದಲ್ಲೊಂದು ನಗು: ‘ಇಪ್ಪತ್ತೊಂಬತ್ತಾ? ಅದು ಜಗಳದ ಬಡ್ಡಿ!’
ವಾರ್ಷಿಕ ಸಭೆ, ಮುರಿದ ಕುರ್ಚಿ, ಸೋತ ಅಧ್ಯಕ್ಷರು ಬೇಡಿದ ಮಾತು,
ಠರಾವಿನ ಕಾಗದ ಕಳೆದದ್ದು,
ಎಲ್ಲ ಹೇಳಿದರು ಕಲ್ಯಾಣ ಬರುವ ತನಕ.

ಸಾಹೇಬರಿಗೆ ಬರೆದೆ: ಮೂರನೆಯದು, ನನಗೆ.
ರೈಲಿನ ಪಾಸಿನ ಹಾಗೆ ತಿಂಗಳಿಗೆ ಕೊಳ್ಳಿ, ವರ್ಷಕ್ಕೆ ಬೇಡ.
ಓಜಸನಿಗೆ ಅವನದೇ ಇರಲಿ,
ಇನ್ನೊಂದು ಕಾಲಮ್ಮು ಎಳೆಯಿರಿ.

ಟಿಪ್ಪಣಿಯ ಕೆಳಗೆ ಜಗಳದ ಕಥೆ ಸೇರಿಸಿದೆ, ಕನ್ನಡದಲ್ಲಿ.
ಇಂಗ್ಲಿಷಿಗೆ ತಿರುಗಿಸಲೇ, ಎಂದು ಕೇಳಿತು ಅದು.
ಬೇಡ ಅಂದೆ.
ಮುಂದಿನವರು ನನಗೆ ಫೋನು ಮಾಡಲಿ.